‘ಜನ ಜಾಸ್ತಿ ಆದಂಗೆಲ್ಲಾ ನಿಧಾನ ಆಗುತ್ತೆ ಸರ್’

ಕೌಂಟರ್ 2ರ ಅಕ್ಕ ಈ ಮಾತನ್ನು ನನಗೆ ಮೂರು ಸಲ ಹೇಳಿದ್ದರು. ಬುಧವಾರ ಫೋನಿನಲ್ಲಿ, ಶುಕ್ರವಾರ ನಾನು ಕೌಂಟರಿಗೆ ಹೋದಾಗ, ಆಮೇಲೆ ಸೋಮವಾರ ಎಲ್ಲರ ಎದುರಿಗೆ. ಮೂರನೇ ಸಲ ಹೇಳುವ ಹೊತ್ತಿಗೆ ಸಾಲು ಗೇಟಿನ ತನಕ ಬೆಳೆದಿತ್ತು.

ನಾನು ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಐಟಿ ಸಪೋರ್ಟ್ ನೋಡಿಕೊಳ್ಳುತ್ತೇನೆ. ಇಡೀ ಕಟ್ಟಡಕ್ಕೆ ಇಬ್ಬರೇ ಇದ್ದೇವೆ. ಒಪಿಡಿಯಲ್ಲಿ, ಅಂದರೆ ಹೊರರೋಗಿ ವಿಭಾಗದಲ್ಲಿ, ಆರು ರಿಜಿಸ್ಟ್ರೇಷನ್ ಕೌಂಟರ್. ಆರೂ ಕಡೆ ಹಳೇ ಐ3 ಪ್ರೊಸೆಸರ್, ಎರಡು ಕೋರ್, ನಾಲ್ಕು ಥ್ರೆಡ್, ಅಂದರೆ ಒಂದೇ ಸಲ ನಾಲ್ಕು ಕೆಲಸ ಓಡಿಸಬಲ್ಲದು. ಎಚ್‌ಐಎಸ್, ಅಂದರೆ ಆಸ್ಪತ್ರೆಯ ಸಾಫ್ಟ್‌ವೇರ್, ಓಡುವುದು ಕ್ರೋಮ್‌ನಲ್ಲೇ. ಯುಎಚ್‌ಐಡಿ (ರೋಗಿಯ ನೋಂದಣಿ ಸಂಖ್ಯೆ) ತೆಗೆಯುವುದು, ಬಿಲ್, ಎಂಆರ್‌ಡಿ (ದಾಖಲೆ ವಿಭಾಗ) ಫೈಲ್ ಹುಡುಕುವುದು, ಎಲ್ಲಾ ಅದರಲ್ಲೇ. ಬ್ರೌಸರ್ ನಿಂತರೆ ಕೌಂಟರ್ ನಿಂತಂತೆ.

ಮಳೆಗಾಲದ ಶುರುವಿನಲ್ಲಿ ಎಚ್‌ಐಎಸ್ ಕೊಟ್ಟ ವೆಂಡರ್ ಒಂದು ಅಪ್‌ಡೇಟ್ ಹಾಕಿದರು. ಅದರ ಜೊತೆ ಹೊಸ ಟೋಕನ್ ಪೇಜ್ ಬಂತು. ಕೌಂಟರಿನ ಗಾಜಿನ ಆಚೆ, ರೋಗಿಗಳ ಕಡೆ ಮುಖ ಮಾಡಿದ ಎರಡನೇ ಮಾನಿಟರ್‌ನಲ್ಲಿ ಅದು ಇಡೀ ದಿನ ತೆರೆದಿರಬೇಕು. ಮೇಲೆ ಟೋಕನ್ ನಂಬರ್ ಮಿನುಗುತ್ತದೆ, ಕೆಳಗೆ ಡಾಕ್ಟರ ಹೆಸರುಗಳು ಪಟ್ಟಿಯಾಗಿ ಓಡುತ್ತವೆ. ಕೌಂಟರಿನವರು ಎಚ್‌ಐಎಸ್‌ನಲ್ಲಿ ನೆಕ್ಸ್ಟ್ ಒತ್ತಿದರೆ ಇಲ್ಲಿ ನಂಬರ್ ಬದಲಾಗುತ್ತದೆ. ನೋಡಲು ಚೆನ್ನಾಗಿತ್ತು. ಆಡಳಿತದವರಿಗೆ ತುಂಬಾ ಹಿಡಿಸಿತು.

ಬುಧವಾರ ಮೊದಲ ಟಿಕೆಟ್ (ಐಟಿಗೆ ದಾಖಲಾಗುವ ದೂರು) ಬಂತು. ಸಿಸ್ಟಮ್ ಸ್ಲೋ. ಫೋನ್ ಮಾಡಿದೆ. ಅಕ್ಕ ಹೇಳಿದರು: ‘ಬೆಳಿಗ್ಗೆ ಚೆನ್ನಾಗೇ ಇರುತ್ತೆ ಸರ್. ಜನ ಜಾಸ್ತಿ ಆದಂಗೆಲ್ಲಾ ನಿಧಾನ ಆಗುತ್ತೆ.’ ಕೆಲಸದ ಒತ್ತಡದಲ್ಲಿ ಹಾಗೆ ಅನ್ನಿಸುತ್ತದೆ ಅಂದುಕೊಂಡೆ. ಸಾಲು ಉದ್ದ ಇದ್ದಾಗ ಎರಡು ಸೆಕೆಂಡೂ ಎರಡು ನಿಮಿಷದಂತೆ ಕಾಣುತ್ತದೆ ಅಲ್ವಾ? ರೀಸ್ಟಾರ್ಟ್ ಮಾಡಿ ಅಂದೆ. ಮಾಡಿದರು, ಸರಿಹೋಯಿತು. ಟಿಕೆಟ್ ಮುಚ್ಚಿದೆ.

ಶುಕ್ರವಾರ ಎರಡನೇ ಟಿಕೆಟ್. ಈ ಸಲ ನಾನೇ ಹೋದೆ. ವಿಂಡೋಸ್ ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು ಬಳಕೆ ಶೇಕಡಾ 80ರ ಮೇಲೆ. ಮೇಲಿನಿಂದ ಕೆಳಗಿನ ತನಕ ಗೂಗಲ್ ಕ್ರೋಮ್, ಗೂಗಲ್ ಕ್ರೋಮ್, ಗೂಗಲ್ ಕ್ರೋಮ್. 2008ರಲ್ಲಿ ಬಂದ ದಿನದಿಂದಲೇ ಕ್ರೋಮ್ ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳಲ್ಲಿ ಓಡಿಸುತ್ತದೆ. ಒಂದು ಬಿದ್ದರೆ ಉಳಿದವು ಉಳಿಯಲಿ ಅಂತ ಮಾಡಿದ್ದು. ಆದರೆ ವಿಂಡೋಸ್‌ನ ಆ ಪಟ್ಟಿ ನೋಡಿದರೆ ಯಾವ ಸಾಲು ಯಾವ ಟ್ಯಾಬ್ ಅಂತ ತಿಳಿಯುವುದಿಲ್ಲ. ಅದಕ್ಕೆ ಕ್ರೋಮ್‌ನದೇ ಟಾಸ್ಕ್ ಮ್ಯಾನೇಜರ್ ಇದೆ. ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಸಾಕು. ಟ್ಯಾಬ್ ಹೆಸರು, ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿದ ಪುಟ್ಟ ಪ್ರೋಗ್ರಾಂ) ಹೆಸರು, ಜಿಪಿಯು (ಗ್ರಾಫಿಕ್ಸ್ ಚಿಪ್) ಪ್ರೊಸೆಸ್ ಎಲ್ಲಾ ಸಾಲಾಗಿ ಕಾಣುತ್ತದೆ. ಇದು ನನಗೆ ಹತ್ತು ವರ್ಷದಿಂದ ಗೊತ್ತು. ಆ ದಿನ ನಾನು ಅದನ್ನು ತೆರೆಯಲಿಲ್ಲ.

ಯಾಕೆ ತೆರೆಯಲಿಲ್ಲ ಅಂತ ಆಮೇಲೆ ತುಂಬಾ ಯೋಚಿಸಿದ್ದೇನೆ. ಹಿಂದಿನ ಕೆಲಸದಲ್ಲಿ, 2018ರಲ್ಲಿ, ಇಂಥದ್ದೇ ಒಂದು ದೂರು ಬಂದಿತ್ತು. ಆಗ ಕಾಯಿನ್‌ಹೈವ್ ಹಾವಳಿಯ ಕಾಲ. 2017ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2019ರ ಮಾರ್ಚ್‌ನಲ್ಲಿ ಮುಚ್ಚಿದ ಸೇವೆ ಅದು. ಯಾವುದೋ ಪುಟ ತೆರೆದರೆ ಸಾಕು, ಅದರೊಳಗಿನ ಸ್ಕ್ರಿಪ್ಟ್ ನಮ್ಮ ಸಿಪಿಯು ಬಳಸಿ ಮೊನೆರೋ ಎಂಬ ಕ್ರಿಪ್ಟೊ ನಾಣ್ಯದ ಗಣಿಗಾರಿಕೆ ಮಾಡುತ್ತಿತ್ತು. ನಾನು ಅದನ್ನು ಅರ್ಧ ದಿನದಲ್ಲಿ ಹಿಡಿದಿದ್ದೆ. ಎಲ್ಲರೂ ಬೆನ್ನು ತಟ್ಟಿದ್ದರು. ಆ ಗೆಲುವು ತಲೆಯಲ್ಲಿ ಕೂತಿತ್ತು. ಕ್ರೋಮ್, ಸಿಪಿಯು ಅಂದ ತಕ್ಷಣ ನನ್ನ ಕಣ್ಣು ಹೋಗಿದ್ದು ಎಕ್ಸ್‌ಟೆನ್ಷನ್ ಪಟ್ಟಿಗೆ. ಅಲ್ಲಿ ಪಿಡಿಎಫ್ ಮಾಡುವ ಒಂದು ಎಕ್ಸ್‌ಟೆನ್ಷನ್ ಇತ್ತು. ಸಿಕ್ಕಿತು ಅಂದುಕೊಂಡೆ. ತೆಗೆದೆ, ಕ್ಯಾಷೆ ಅಳಿಸಿದೆ, ಕ್ರೋಮ್ ಮುಚ್ಚಿ ತೆರೆದೆ. ಸಿಪಿಯು ಇಳಿಯಿತು. ಇಳಿದದ್ದು ಮುಚ್ಚಿ ತೆರೆದಿದ್ದಕ್ಕೆ. ನಾನು ಅದರ ಶ್ರೇಯಸ್ಸನ್ನು ಎಕ್ಸ್‌ಟೆನ್ಷನ್ ತೆಗೆದಿದ್ದಕ್ಕೆ ಕೊಟ್ಟೆ.

ಅಕ್ಕ ಪಕ್ಕದಲ್ಲೇ ನಿಂತು ಮತ್ತೆ ಅದೇ ಮಾತು ಹೇಳಿದರು. ‘ಟೋಕನ್ ಪೇಜ್ ಮೇಲೇ ನಂಗೆ ಅನುಮಾನ’ ಅಂತಲೂ ಸೇರಿಸಿದರು. ನಾನು ಕೌಂಟರ್ 4 ತೋರಿಸಿದೆ. ಅಲ್ಲೂ ಅದೇ ಪೇಜ್, ಅಲ್ಲಿ ಯಾವ ದೂರೂ ಇಲ್ಲ, ಹಾಗಾಗಿ ಪೇಜ್ ಸರಿ ಇದೆ ಅಂದೆ. ಟಿಕೆಟ್ ಮುಚ್ಚುವಾಗ ಕಾರಣದ ಕಾಲಂನಲ್ಲಿ ‘ಯೂಸರ್ ಟ್ರೈನಿಂಗ್ ಬೇಕು’ ಅಂತ ಬರೆದೆ. ಆ ಸಾಲು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಭಾನುವಾರ ಒಪಿಡಿ ರಜೆ. ಒಳ್ಳೆ ಅವಕಾಶ ಅಂತ ಹೋದೆ. ಕೌಂಟರ್ 2ರಲ್ಲಿ ಟೋಕನ್ ಪೇಜ್ ತೆರೆದು ಒಂದು ಗಂಟೆ ಕೂತೆ. ಸಿಪಿಯು 5 ದಾಟಲಿಲ್ಲ. ಜಿಪಿಯು ಮಾತ್ರ 30ರ ಹತ್ತಿರ ಇತ್ತು. ಆ ಓಡುವ ಪಟ್ಟಿ, ಮಿನುಗುವ ನಂಬರಿನ ಕೆಲಸ ಅದು. ಎಲ್ಲಿ ಹುಡುಕಿದರೂ ಸಿಗುವ ಸಲಹೆ ನೆನಪಾಯಿತು: ಹಾರ್ಡ್‌ವೇರ್ ಆಕ್ಸಿಲರೇಷನ್, ಅಂದರೆ ಚಿತ್ರದ ಕೆಲಸವನ್ನು ಜಿಪಿಯುಗೆ ಬಿಡುವ ಸೆಟ್ಟಿಂಗ್, ಆಫ್ ಮಾಡಿ. ಗ್ರಾಫಿಕ್ಸ್ ಡ್ರೈವರ್ ಕೆಟ್ಟಿದ್ದರೆ ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ನಮ್ಮಲ್ಲಿ ಡ್ರೈವರ್ ಕೆಟ್ಟಿರಲಿಲ್ಲ. ನಾನು ಪರೀಕ್ಷಿಸಲಿಲ್ಲ. ಜಿಪಿಒದಲ್ಲಿ (ಎಲ್ಲಾ ಸಿಸ್ಟಮ್‌ಗೆ ಒಟ್ಟಿಗೆ ಸೆಟ್ಟಿಂಗ್ ಕಳಿಸುವ ವಿಂಡೋಸ್ ಸೌಲಭ್ಯ) ಅದನ್ನು ಆಫ್ ಮಾಡುವ ಪಾಲಿಸಿ ಹಾಕಿ ಆರೂ ಕೌಂಟರಿಗೆ ತಳ್ಳಿದೆ. ಒಂದು ಸಿಸ್ಟಮ್‌ನಲ್ಲಿ ಎಚ್‌ಐಎಸ್ ತೆರೆಯುತ್ತದಾ ಅಂತ ನೋಡಿದೆ. ತೆರೆಯಿತು. ಮನೆಗೆ ಹೋದೆ.

ಸೋಮವಾರ ಜ್ವರದ ಸೀಸನ್ನಿನ ಸೋಮವಾರ. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯಿಂದ ಮೊದಲ ಬಸ್ಸಿಗೆ ಬಂದವರು ಎಂಟಕ್ಕೇ ಸಾಲು ಹಿಡಿದಿರುತ್ತಾರೆ. 9:40ಕ್ಕೆ ಫೋನ್ ಬಂತು. ಒಂದಲ್ಲ, ಐದು ಕೌಂಟರಿನಿಂದ. ಹಿಂದಿನ ವಾರ ಮಧ್ಯಾಹ್ನದ ಹೊತ್ತಿಗೆ ಬರುತ್ತಿದ್ದ ತೊಂದರೆ ಈ ದಿನ ಒಂದು ಗಂಟೆಯೊಳಗೆ ಬಂದಿತ್ತು.

ಓಡಿದೆ. ಕೌಂಟರ್ 2ರಲ್ಲಿ ಹೆಸರು ಟೈಪ್ ಮಾಡಿದರೆ ಅಕ್ಷರ ಮೂಡಲು ನಾಲ್ಕೈದು ಸೆಕೆಂಡ್. ಸಿಪಿಯು ಫ್ಯಾನ್ ಕೂಗುತ್ತಿತ್ತು. ಗಾಜಿನ ಆಚೆ ಒಬ್ಬ ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಮಗುವಿನ ಕೆನ್ನೆ ಕೆಂಪಗಿತ್ತು. ಆಂಟಿವೈರಸ್ ಇರಬಹುದು ಅಂತ ಅದರ ಸ್ಕ್ಯಾನ್ ನಿಲ್ಲಿಸಿದೆ. ಏನೂ ಆಗಲಿಲ್ಲ. ನೆಟ್‌ವರ್ಕ್ ಇರಬಹುದು ಅಂತ ಪಿಂಗ್ ಹಾಕಿದೆ. ಸರಿ ಇತ್ತು. ಅಷ್ಟರಲ್ಲಿ ಅಡ್ಮಿನಿಸ್ಟ್ರೇಟರ್ ಬಂದು ನನ್ನ ಹಿಂದೆ ನಿಂತರು. ಎಷ್ಟು ಹೊತ್ತು ಬೇಕು ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ಬಾಯಿಂದ ಬಂದ ಮಾತು ಇದು: ‘ಇವರು ಒಂದೇ ಸಲ ಏನೇನೋ ತೆರೆದಿಟ್ಟುಕೊಳ್ತಾರೆ ಸರ್, ಎಷ್ಟು ಹೇಳಿದ್ರೂ ಕೇಳಲ್ಲ.’

ಅಕ್ಕನಿಗೆ ಆ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ಸರ್ವಿಸ್. ಅವರು ನನ್ನ ಕಡೆ ನೋಡಲಿಲ್ಲ. ಡ್ರಾಯರ್‌ನಿಂದ ಚೀಟಿ ಪುಸ್ತಕ ತೆಗೆದು ಕೈಯಲ್ಲೇ ಟೋಕನ್ ನಂಬರ್ ಬರೆದು ಕೊಡಲು ಶುರು ಮಾಡಿದರು. ಆ ತಾಯಿಗೆ ಮೊದಲ ಚೀಟಿ ಕೊಟ್ಟು, ನೇರ ಮಕ್ಕಳ ಡಾಕ್ಟರ ಹತ್ತಿರ ಹೋಗಮ್ಮ, ಬಿಲ್ ಆಮೇಲೆ ಮಾಡೋಣ ಅಂದರು. ಬರೆಯುತ್ತಲೇ ಮೆಲ್ಲಗೆ ನನಗೆ ಹೇಳಿದರು: ‘ಜನ ಜಾಸ್ತಿ ಆದಂಗೆಲ್ಲಾ ನಿಧಾನ ಆಗುತ್ತೆ ಸರ್. ಆ ಟೋಕನ್ ಪೇಜ್ ಮುಚ್ಚಿ ತೆರೆದ್ರೆ ಸ್ವಲ್ಪ ಹೊತ್ತು ಹಗುರ ಆಗುತ್ತೆ. ನಾವು ಹೋದ ವಾರ ಪೂರ್ತಿ ಹಂಗೇ ನಡ್ಸಿದ್ವಿ.’

ಆಗ ಶಿಫ್ಟ್ ಎಸ್ಕೇಪ್ ಒತ್ತಿದೆ. ಸಿಪಿಯು ಕಾಲಂ ಮೇಲೆ ಕ್ಲಿಕ್ ಮಾಡಿದೆ. ಮೊದಲ ಸಾಲು ಟೋಕನ್ ಪೇಜ್, 131. ಎರಡನೇ ಸಾಲು ಜಿಪಿಯು ಪ್ರೊಸೆಸ್, 94. ಕ್ರೋಮ್ ಇಲ್ಲಿ ಒಂದು ಥ್ರೆಡ್ ಪೂರ್ತಿ ಓಡಿದರೆ 100 ಅಂತ ತೋರಿಸುತ್ತದೆ. ವಿಂಡೋಸ್‌ನಲ್ಲಿ ಅದೇ 25. ನಮ್ಮ ಯಂತ್ರದ ನಾಲ್ಕು ಥ್ರೆಡ್‌ನಲ್ಲಿ ಎರಡಕ್ಕಿಂತ ಜಾಸ್ತಿ ಈ ಒಂದು ಪೇಜ್‌ಗೇ ಹೋಗುತ್ತಿತ್ತು. ಜಿಪಿಯು ಆಫ್ ಮಾಡಿದರೂ ಆ ಹೆಸರಿನ ಸಾಲು ಉಳಿಯುತ್ತದೆ. ಗ್ರಾಫಿಕ್ಸ್ ಚಿಪ್ ಮಾಡುತ್ತಿದ್ದ ಚಿತ್ರದ ಕೆಲಸವನ್ನು ಈಗ ಸಿಪಿಯು ಮಾಡುತ್ತದೆ ಅಷ್ಟೇ. ಭಾನುವಾರ ಸಂಜೆ ನಾನೇ ಆ ಹೊರೆಯನ್ನು ತಂದು ಸಿಪಿಯು ತಲೆ ಮೇಲೆ ಇಟ್ಟಿದ್ದೆ.

ಎಂಡ್ ಪ್ರೊಸೆಸ್ ಒತ್ತಿದೆ. ಎರಡು ಸೆಕೆಂಡ್ ಆದ ಮೇಲೆ ಫ್ಯಾನ್ ಶಬ್ದ ಇಳಿಯತೊಡಗಿತು. ಅಕ್ಕ ಟೈಪ್ ಮಾಡಿದ್ದು ಹಾಗೇ ಮೂಡಿತು. ಆರೂ ಕೌಂಟರ್‌ನಲ್ಲಿ ಟೋಕನ್ ಪೇಜ್ ಮುಚ್ಚಿಸಿದೆ. ಆ ದಿನ ಪೂರ್ತಿ ಚೀಟಿಯಲ್ಲೇ ನಡೆಯಿತು. ಸಾಲು ಕರಗುವಾಗ ಒಂದು ಗಂಟೆ ದಾಟಿತ್ತು.

ಮಧ್ಯಾಹ್ನ ಪಾಲಿಸಿ ವಾಪಸ್ ತೆಗೆದು, ಪೇಜನ್ನು ಎಫ್12 ಒತ್ತಿ ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೋಡಿದೆ. ಪೇಜ್ ಹೊಸದಾಗಿ ತೆರೆದಾಗ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಐದು ಸೆಕೆಂಡಿಗೆ ಸರ್ವರಿಗೆ ಒಂದು ರಿಕ್ವೆಸ್ಟ್. ನೆಕ್ಸ್ಟ್ ಒಮ್ಮೆ ಒತ್ತಿದೆ, ಐದು ಸೆಕೆಂಡಿಗೆ ಎರಡು. ಮತ್ತೊಮ್ಮೆ ಒತ್ತಿದೆ, ಮೂರು. ಅಷ್ಟು ಸಾಕಾಯಿತು. ಪ್ರತಿ ಟೋಕನ್ ಬದಲಾದಾಗ ಪೇಜ್ ತನ್ನ ಶುರುವಿನ ಫಂಕ್ಷನ್ ಪೂರ್ತಿ ಮತ್ತೆ ಓಡಿಸುತ್ತಿತ್ತು. ಅದರಲ್ಲಿ ಒಂದು ಸೆಟ್‌ಇಂಟರ್ವಲ್, ಅಂದರೆ ಒಂದೇ ಕೆಲಸವನ್ನು ಇಷ್ಟಿಷ್ಟು ಹೊತ್ತಿಗೆ ಮತ್ತೆ ಮತ್ತೆ ಮಾಡಿಸುವ ಟೈಮರ್. ಹಳೆಯದನ್ನು ನಿಲ್ಲಿಸುತ್ತಿರಲಿಲ್ಲ, ಹೊಸದನ್ನು ಹೂಡುತ್ತಿತ್ತು. 120 ರೋಗಿಗಳಾದರೆ 120 ಟೈಮರ್. ಐದು ಸೆಕೆಂಡಿಗೆ 120 ರಿಕ್ವೆಸ್ಟ್, ಅಂದರೆ ಸೆಕೆಂಡಿಗೆ 24. ಪ್ರತಿ ಉತ್ತರ ಬಂದಾಗಲೂ ಇಡೀ ಟೇಬಲ್ ಅಳಿಸಿ ಮತ್ತೆ ಕಟ್ಟುತ್ತಿತ್ತು.

ಜನ ಜಾಸ್ತಿ ಆದಂಗೆಲ್ಲಾ ನಿಧಾನ. ಅಕ್ಕ ಅಕ್ಷರಶಃ ಹೇಳಿದ್ದರು. ಭಾನುವಾರ ರೋಗಿಗಳೇ ಇರಲಿಲ್ಲ, ಯಾರೂ ನೆಕ್ಸ್ಟ್ ಒತ್ತಲಿಲ್ಲ. ನಾನು ಒಂದು ಗಂಟೆ ಕೂತು ನೋಡಿದ್ದು ಖಾಲಿ ಪೇಜನ್ನು. ಕೌಂಟರ್ 4ರ ಕಥೆಯೂ ಬಿಚ್ಚಿಕೊಂಡಿತು. ಅಲ್ಲಿ ಎರಡನೇ ಮಾನಿಟರ್ ಕೆಟ್ಟು ತಿಂಗಳಾಗಿತ್ತು, ಹೊಸದು ಮಂಜೂರಾಗಿರಲಿಲ್ಲ. ಹಾಗಾಗಿ ಟೋಕನ್ ಪೇಜ್ ಹಿಂದಿನ ಟ್ಯಾಬ್ ಆಗಿ ಕೂತಿತ್ತು. 2017ರಿಂದ ಕ್ರೋಮ್ ಕಣ್ಣಿಗೆ ಕಾಣದ ಟ್ಯಾಬ್‌ಗಳ ಟೈಮರ್‌ಗಳಿಗೆ ಕಡಿವಾಣ ಹಾಕುತ್ತದೆ. ಆ ಕಡಿವಾಣವೇ ಕೌಂಟರ್ 4 ಅನ್ನು ಉಳಿಸಿತ್ತು. ನಾನು ಅದನ್ನು ಪೇಜ್ ಸರಿ ಇದೆ ಅನ್ನುವುದಕ್ಕೆ ಸಾಕ್ಷಿ ಮಾಡಿಕೊಂಡಿದ್ದೆ.

ವೆಂಡರ್ ಮೊದಲು ಹೇಳಿದ್ದು ‘ನಮ್ಮ ಕಡೆ ಚೆನ್ನಾಗೇ ಓಡ್ತಿದೆ’. ಅವರೂ ನನ್ನ ಹಾಗೆ ಖಾಲಿ ಪೇಜನ್ನೇ ನೋಡಿದ್ದರು ಅಂತ ಕಾಣುತ್ತದೆ. ರೆಕಾರ್ಡಿಂಗ್ ಕಳಿಸಿದ ಮೇಲೆ ಒಪ್ಪಿದರು. ಪ್ಯಾಚ್ ಬರಲು ಒಂಬತ್ತು ದಿನ. ಬದಲಾಗಿದ್ದು ಒಂದು ಸಾಲು, ಹೊಸ ಟೈಮರ್ ಹೂಡುವ ಮುಂಚೆ ಹಳೆಯದನ್ನು ನಿಲ್ಲಿಸುವುದು. ಆ ಒಂಬತ್ತು ದಿನ ಗಂಟೆಗೊಮ್ಮೆ ಎಫ್5 ಒತ್ತುವ ಕೆಲಸವನ್ನು ಕೌಂಟರಿನವರೇ ಮಾಡಿದರು. ಆಡಳಿತದವರು ಈ ಮಧ್ಯೆ ಸಿಸ್ಟಮ್ ಹಳೇದಾಗಿದೆ, ಹೊಸದಕ್ಕೆ ಕೊಟೇಷನ್ ತನ್ನಿ ಅಂದರು. ಎರಡು ವರ್ಷದಿಂದ ನಾನು ಕೇಳುತ್ತಿದ್ದದ್ದು ಅದೇ. ಆದರೂ ಆ ದಿನ ಬೇಡ ಅಂದೆ. ಎಂಟು ಕೋರ್ ಯಂತ್ರ ಇದ್ದಿದ್ದರೆ ಈ ತಪ್ಪು ಇನ್ನೂ ಎಷ್ಟು ತಿಂಗಳು ಒಳಗೇ ಇರುತ್ತಿತ್ತೋ. ಸರ್ವರ್ ಮೇಲೆ ಬೀಳುತ್ತಿದ್ದ ಹೊರೆ ಒಂದಿಷ್ಟೂ ಕಡಿಮೆ ಆಗುತ್ತಿರಲಿಲ್ಲ.

ಈಗ ಬ್ರೌಸರ್ ಸಿಪಿಯು ತಿನ್ನುತ್ತಿದೆ ಅಂದರೆ ನಾನು ಬೇರೇನೂ ಮುಟ್ಟುವ ಮುಂಚೆ ಶಿಫ್ಟ್ ಎಸ್ಕೇಪ್ ಒತ್ತುತ್ತೇನೆ. ಎಡ್ಜ್‌ನಲ್ಲೂ ಅದೇ ಕೀ. ಫೈರ್‌ಫಾಕ್ಸ್‌ನಲ್ಲಾದರೆ ವಿಳಾಸದ ಜಾಗದಲ್ಲಿ ಅಬೌಟ್, ಕೋಲನ್, ಪ್ರೊಸೆಸಸ್. ಮೇಲಿನ ಸಾಲು ಎಕ್ಸ್‌ಟೆನ್ಷನ್ ಆಗಿದ್ದರೆ ಅದನ್ನು ತೆಗೆದು ನೋಡುವುದು. ಜಿಪಿಯು ಪ್ರೊಸೆಸ್ ಆಗಿದ್ದರೆ ಆಕ್ಸಿಲರೇಷನ್ ಆನ್ ಇದೆಯಾ, ಡ್ರೈವರ್ ಸರಿ ಇದೆಯಾ ಅಂತ ನೋಡುವುದು. ಟ್ಯಾಬ್ ಆಗಿದ್ದರೆ ಆ ಪೇಜ್ ಬರೆದವರನ್ನು ಹಿಡಿಯುವುದು. ಸೆಟ್ಟಿಂಗ್ ಬದಲಾಯಿಸುವುದಾದರೆ ಒಂದು ಕೌಂಟರಿನಲ್ಲಿ ಮಾತ್ರ, ಅದೂ ಕೆಲಸದ ದಿನ. ಮುಚ್ಚಿ ತೆರೆದರೆ ಸರಿಹೋಯಿತು ಅಂದರೆ ಅಲ್ಲಿಗೆ ನಿಲ್ಲಿಸುವುದಿಲ್ಲ. ಎಷ್ಟು ಹೊತ್ತಿಗೆ ವಾಪಸ್ ಬರುತ್ತದೆ, ಅಷ್ಟರೊಳಗೆ ಏನೇನು ಮಾಡಿದಿರಿ ಅಂತ ಕೇಳುತ್ತೇನೆ. ಇದಕ್ಕೆ ಟಿಕೆಟ್ ಫಾರ್ಮ್‌ನಲ್ಲಿ ಒಂದು ಕಾಲಂ ಬೇಕು ಅಂತ ಬರೆದು ಕೊಟ್ಟಿದ್ದೇನೆ. ಇನ್ನೂ ಆಗಿಲ್ಲ.

ಸೋಮವಾರ ಸಂಜೆಯೇ ಆ ಎರಡು ಟಿಕೆಟ್ ಮತ್ತೆ ತೆರೆದು ಕಾರಣ ತಿದ್ದಿದೆ. ಅಡ್ಮಿನಿಸ್ಟ್ರೇಟರಿಗೆ ಆರ್‌ಸಿಎ (ತೊಂದರೆಯ ಮೂಲ ಕಾರಣದ ವರದಿ) ಬರೆಯುವಾಗ, ಕೌಂಟರ್ 2ರ ಸಿಬ್ಬಂದಿ ಬುಧವಾರವೇ ಸರಿಯಾಗಿ ಗುರುತಿಸಿದ್ದರು, ಸಪೋರ್ಟ್ ಕಡೆಯಿಂದ ಗಮನ ಕೊಡಲಿಲ್ಲ ಅಂತ ಬರೆದೆ. ಮರುದಿನ ಬೆಳಿಗ್ಗೆ ಉಳಿದ ಐದೂ ಕೌಂಟರಿನವರು ಇದ್ದಾಗ ಅಕ್ಕನ ಹತ್ತಿರ ಹೋಗಿ ತಪ್ಪಾಯ್ತು ಅಂದೆ. ಎಲ್ಲರ ಎದುರು ಅಂದಿದ್ದನ್ನು ಎಲ್ಲರ ಎದುರೇ ವಾಪಸ್ ತೆಗೆದುಕೊಳ್ಳಬೇಕಿತ್ತು. ಅವರು ‘ಆಯ್ತು ಬಿಡಿ ಸರ್’ ಅಂದರು. ಆದರೆ ನಾಲ್ಕೈದು ದಿನ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತು.

ಪ್ಯಾಚ್ ಬಂದ ದಿನ ಒಪಿಡಿ ಮುಗಿದ ಮೇಲೆ ಟೆಸ್ಟ್ ಮಾಡಲು ಕೂತೆ. ಟೆಸ್ಟ್ ರೋಗಿಗಳನ್ನು ಹಾಕಿಕೊಂಡು ನೆಕ್ಸ್ಟ್ ಒತ್ತುತ್ತಾ ಹೋದೆ. ಅಕ್ಕ ಹೊರಟಿದ್ದವರು ನಿಂತರು, ಬ್ಯಾಗ್ ಟೇಬಲ್ ಮೇಲಿಟ್ಟು ಕೂತು ಎಣಿಸತೊಡಗಿದರು. ಐವತ್ತಕ್ಕೆ ನಿಲ್ಲಿಸಲು ಹೋದೆ. ‘ನಮ್ಮ ಸೋಮವಾರಕ್ಕೆ ಐವತ್ತು ಎಲ್ಲಿ ಸಾಕಾಗುತ್ತೆ ಸರ್, ಒತ್ತಿ’ ಅಂದರು. ಇನ್ನೂರರ ತನಕ ಒತ್ತಿದೆ. ಟೋಕನ್ ಪೇಜಿನ ಸಾಲಿನಲ್ಲಿ ಸಿಪಿಯು 3, 4, ಮತ್ತೆ 3. ಅಕ್ಕ ಇನ್ನೊಂದು ಸಲ ಬಗ್ಗಿ ನೋಡಿದರು, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟರು.