ಕೊನೆಗೆ ಗೆದ್ದೋರು ಯಾರು?

ಹೋದ ತಿಂಗಳು ಪಾಂಡವಪುರದ ಕಡೆಯಿಂದ ನಮ್ಮ ಸೋದರಮಾವ ಮಗಳ ಮದುವೆ ಪತ್ರಿಕೆ ಕೊಡಲು ಮೈಸೂರಿಗೆ ಬಂದಿದ್ದರು. ಭಾನುವಾರ ಮಧ್ಯಾಹ್ನ. ಕುವೆಂಪುನಗರದ ನಮ್ಮ ಮನೆಯ ಮಹಡಿ ಮೇಲೆ ಆಗಲೇ ನಾಲ್ಕು ಜನ ಚಾಪೆ ಹಾಸಿಕೊಂಡು ಕೂತಿದ್ದರು. ನಡುವೆ ಚುರುಮುರಿ ತಟ್ಟೆ, ಹಾಳೆ, ಪೆನ್ಸಿಲ್ಲು, ಬಣ್ಣಬಣ್ಣದ ದಾಳ. ಮಾವ ಕುರ್ಚಿ ಎಳೆದುಕೊಂಡು ಕೂತರು. ಕಾಫಿ ಕುಡಿದು ಹೊರಡುತ್ತೇನೆ ಅಂದವರು ಎರಡೂವರೆ ಗಂಟೆ ಅಲ್ಲಾಡಲಿಲ್ಲ. ಎಲ್ಲರೂ ಹಾಳೆ ಮಡಚುವಾಗ ಕೇಳಿದರು, "ಎಲ್ಲಾ ಸರಿ ಕಣ್ಲಾ, ಕೊನೆಗೆ ಗೆದ್ದೋರು ಯಾರು?"

ಈ ಪ್ರಶ್ನೆ ಮಾವನೊಬ್ಬರದ್ದಲ್ಲ. ಅಮ್ಮ ಕೇಳಿದ್ದಾರೆ, ಕೆಳಗಿನ ಮನೆಯವರು ಕೇಳಿದ್ದಾರೆ, ಆಫೀಸಿನಲ್ಲಿ ಊಟದ ಹೊತ್ತಿಗೆ ವಾರಕ್ಕೊಬ್ಬರು ಕೇಳುತ್ತಾರೆ. "ಯಾರೂ ಗೆಲ್ಲಲ್ಲ" ಅಂದರೆ ಮುಖದಲ್ಲಿ ಒಂದು ಅನುಮಾನ ಬರುತ್ತದೆ. ಯಾರೂ ಗೆಲ್ಲದ ಆಟವನ್ನು ನಾಲ್ಕು ಗಂಟೆ ಆಡುತ್ತಾರಾ? ದುಡ್ಡು ಕಟ್ಟಿ ಆಡೋದನ್ನೇ ಮುಚ್ಚಿಡುತ್ತಿದ್ದಾನೆ ಅಂತ ಒಬ್ಬರು ಅಂದುಕೊಂಡೂ ಇದ್ದರು.

ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅಂತಾರೆ. ಒಬ್ಬರು ಕಥೆಯ ಜಗತ್ತನ್ನು ಹೇಳುತ್ತಾ ಹೋಗಬೇಕು. ಅವರನ್ನು ಗೇಮ್ ಮಾಸ್ಟರ್ ಅಂತ ಕರೆಯುತ್ತಾರೆ, ನಮ್ಮ ಗುಂಪಿನಲ್ಲಿ ಮೇಷ್ಟ್ರು. ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. "ನೀವು ಕೆರೆ ಏರಿ ಮೇಲಿದ್ದೀರಿ, ಕತ್ತಲಾಗಿದೆ, ಏನು ಮಾಡ್ತೀರಿ?" ಅಂತ ಮೇಷ್ಟ್ರು ಕೇಳುತ್ತಾರೆ. ಆಡುವವರು ಹೇಳುತ್ತಾರೆ. ಆಗುತ್ತೋ ಇಲ್ಲವೋ ಅನ್ನುವ ಕಡೆ ದಾಳ ಹಾಕುತ್ತಾರೆ. ಅಷ್ಟೇ. ಹಲಗೆ ಇರಲೇಬೇಕು ಅಂತಿಲ್ಲ, ಮುಟ್ಟಬೇಕಾದ ಮನೆ ಅನ್ನೋದಂತೂ ಇಲ್ಲವೇ ಇಲ್ಲ.

ತೊಡಕು ಅಲ್ಲೇ ಇದೆ. ನಾವೆಲ್ಲ ಚೌಕಾಬಾರದಲ್ಲಿ ಬೆಳೆದವರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಕವಡೆ ಆಡಿಸಿ, ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ ಅಂತ ಕೂಗಿ, ಕಾಯಿ ಹಣ್ಣಾಗುವ ತನಕ ಊಟಕ್ಕೆ ಏಳದವರು. ಇನ್ನು ಮೈಸೂರಿಗೆ ಆಟದ ಹುಚ್ಚು ಅರಮನೆಯ ಕಾಲದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಹಲಗೆ ಆಟ ಕಟ್ಟಿದವರು. ಗಂಜೀಫಾ ಅನ್ನುವ, ಇಸ್ಪೀಟಿನಂಥ ಎಲೆಯ ಆಟಗಳನ್ನು 360 ಎಲೆಯವರೆಗೆ ಬೆಳೆಸಿದವರು. ಜಗನ್ಮೋಹನ ಅರಮನೆಯ ಗೋಡೆ ಮೇಲೆ ಆಟದ ಚಿತ್ರಗಳನ್ನು ಇಂದಿಗೂ ನೋಡಬಹುದು. ಆದರೆ ಎಷ್ಟೇ ತಿರುವಿನ ಆಟವಾದರೂ ಅದಕ್ಕೆ ಒಂದು ಕೊನೆ ಇರುತ್ತೆ ಅಂತ ನಮಗೆ ಅಭ್ಯಾಸವಾಗಿದೆ. ಅಂಥ ಊರಿನಲ್ಲಿ "ಗೆದ್ದೋರು ಯಾರು" ಅಂತ ಕೇಳೋದು ತಪ್ಪೇನಲ್ಲ.

ಆವತ್ತು ಮಾವನಿಗೆ ನಾನು ತಿರುಗಿ ಕೇಳಿದೆ. "ಮಾವ, ಊರ ಹಬ್ಬದ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನ ಪಾರ್ಟಿಗೆ ನೀವು ಹದಿನೆಂಟು ಸಾವಿರ ಕೊಟ್ರಲ್ಲ, ಗೆದ್ರಾ?"

ಮಂಡ್ಯದ ಕಡೆ ಗೊತ್ತಿಲ್ಲದವರಿಗೆ ಒಂದು ಮಾತು. ಹಳ್ಳಿಯ ಪೌರಾಣಿಕ ನಾಟಕದಲ್ಲಿ ಪಾರ್ಟು ಮಾಡುವವರಿಗೆ ದುಡ್ಡು ಕೊಡೋದಿಲ್ಲ, ಅವರೇ ಕೊಟ್ಟು ಪಾರ್ಟು ತಗೋತಾರೆ. ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರ ಸಂಬಳ ಎಲ್ಲಾ ಆ ದುಡ್ಡಲ್ಲೇ. ಕೃಷ್ಣನ ಪಾರ್ಟಿಗೆ ಆ ವರ್ಷ ಮಾವನ ಊರಲ್ಲಿ ಪೈಪೋಟಿ ಎಷ್ಟಿತ್ತೆಂದರೆ ಅದನ್ನು ಎರಡು ಮಾಡಿ ಇಬ್ಬರಿಗೆ ಕೊಟ್ಟರು. ಮಾವ ಮಾತ್ರ ದುರ್ಯೋಧನನೇ ಬೇಕು ಅಂತ ಹಟ ಹಿಡಿದರು. ಸೋಲುತ್ತೇನೆ ಅಂತ ಗೊತ್ತಿದ್ದೇ ತಾನೆ? ನಾನು ಕಂಬಳಿ ಹೊದ್ದು ಮುಂದೆಯೇ ಕೂತಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಭೀಮ ತೊಡೆಗೆ ಹೊಡೆದ. ಮಾವ ಬಿದ್ದುಕೊಂಡೇ ಒಂದು ಹಾಡು ಹೇಳಿದರು. ಹಿಂದಿನಿಂದ ಯಾರೋ "ಒನ್ಸ್ ಮೋರ್!" ಅಂದರು. ತೊಡೆ ಮುರಿದ ಮನುಷ್ಯ ಎದ್ದು ಕೂತು, ಕಿರೀಟ ಸರಿ ಮಾಡಿಕೊಂಡು, ಅದೇ ಹಾಡನ್ನು ಇನ್ನೊಂದು ಸಲ ಹಾಡಿ, ಮತ್ತೆ ಮಲಗಿಕೊಂಡರು. ಊರಲ್ಲಿ ಈಗಲೂ ಅದೇ ಮಾತು. ಭೀಮನ ಪಾರ್ಟು ಮಾಡಿದವರು ಯಾರು ಅಂತ ನನಗೂ ನೆನಪಿಲ್ಲ.

ಮಾವ ನಕ್ಕರು. ಆದರೆ ಬಿಡಲಿಲ್ಲ. "ನಾಟಕದಲ್ಲಿ ಕಥೆ ಮೊದಲೇ ಗೊತ್ತಿರ್ತದೆ. ನಿಮ್ದು ಹಂಗಲ್ವಲ್ಲ."

ಈ ಮಾತಿಗೆ ಉದ್ದ ಉತ್ತರವೇ ಬೇಕು.

ಮಾವ ನೋಡಿದ ಆಟ ಹೀಗಿತ್ತು. ಒಂದು ಹಳ್ಳಿ. ಕೆರೆ ತುಂಬಿದೆ, ಆದರೆ ತೂಬು ತೆಗೆಯೋಕೆ ಹೋದವರು ವಾಪಸ್ ಬರುತ್ತಿಲ್ಲ. ಅಲ್ಲೊಂದು ದೆವ್ವ. ಮೇಷ್ಟ್ರಾದ ನಾನು ಹೊಡೆದಾಟಕ್ಕೆ ಮೂರು ಪುಟ ಬರೆದಿಟ್ಟಿದ್ದೆ. ದೆವ್ವದ ಶಕ್ತಿ ಎಷ್ಟು, ಎಲ್ಲಿ ಕೆಸರು, ಎಲ್ಲಿ ಕಾಲು ಜಾರುತ್ತೆ, ಎಲ್ಲಾ. ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಗೆಳೆಯ ಆಗಲೇ ದಾಳ ಕೈಗೆ ತಗೊಂಡಿದ್ದ. ಅಷ್ಟರಲ್ಲಿ ಬ್ಯಾಂಕಿನ ಮೇಡಂ ಕೇಳಿದರು, "ಅವನು ಯಾಕೆ ಅಲ್ಲೇ ನಿಂತಿದ್ದಾನೆ? ಬದುಕಿದ್ದಾಗ ಏನು ಕೆಲಸ ಮಾಡ್ತಿದ್ದ?"

ಮೂರು ಪುಟದಲ್ಲಿ ಅದು ಮಾತ್ರ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. "ನೀರುಗಂಟಿ." ಹಿಂದೆ ಊರ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುತ್ತಿದ್ದವನು. ಹೇಳಿದ ಮೇಲೆ ನನಗೇ ಮೈ ಜುಂ ಅಂತು. ಸತ್ತ ಮೇಲೂ ಸರದಿ ಬಿಟ್ಟುಕೊಡದ ನೀರುಗಂಟಿ! ಮೇಡಂ ಹೊಡೆದಾಟ ಬಿಟ್ಟು ನ್ಯಾಯಕ್ಕೆ ಕೂತರು. ಯಾವ ಗದ್ದೆಗೆ ಮೊದಲು, ಕೊನೆಯ ಬಯಲಿಗೆ ಎಷ್ಟು ಹೊತ್ತು, ಯಾರು ರಾತ್ರಿ ಕಾಲುವೆ ಒಡೆದರು. ಮಂಡ್ಯದ ಜನಕ್ಕೆ ಇದನ್ನು ಹೇಳಿಕೊಡಬೇಕಾ? ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಂದಿದ್ದರು.

ಕೊನೆಗೆ ದೆವ್ವ ಒಪ್ಪುತ್ತಾ? ಇಪ್ಪತ್ತು ಮುಖದ ದಾಳ. ಮೇಡಂ ಪಾತ್ರಕ್ಕೆ ಮಾತಿನ ಬಲ 3. ದಾಳಕ್ಕೆ ಅದನ್ನು ಕೂಡಿಸಿ ಒಟ್ಟು 15 ಬರಬೇಕು ಅಂದೆ. ಅಂದರೆ ದಾಳದಲ್ಲಿ 12 ಅಥವಾ ಜಾಸ್ತಿ ಬೀಳಬೇಕು, ನೂರಕ್ಕೆ 45ರಷ್ಟು ಅವಕಾಶ. ದಾಳ ಉರುಳಿ ಚುರುಮುರಿ ತಟ್ಟೆಗೆ ಬಿತ್ತು. ಈರುಳ್ಳಿ ಸರಿಸಿ ನೋಡಿದರೆ 4.

ಇಲ್ಲಿ "ಆಗಲಿಲ್ಲ" ಅಂತ ಬಾಗಿಲು ಹಾಕಿದರೆ ಕಥೆ ಸಾಯುತ್ತೆ. ಅಪೋಕ್ಯಾಲಿಪ್ಸ್ ವರ್ಲ್ಡ್ ಅಂತ 2010ರಲ್ಲಿ ಬಂದ ಒಂದು ಆಟ ಇದನ್ನು ನನಗೆ ಕಲಿಸಿತು. ಅದರಲ್ಲಿ ಮಾಮೂಲಿ ದಾಳ ಎರಡು. ಕೂಡಿಸಿ 10 ಅಥವಾ ಜಾಸ್ತಿ ಬಂದರೆ ಪೂರ್ತಿ ಗೆಲುವು, 6 ಅಥವಾ ಕಡಿಮೆ ಬಂದರೆ ಪೇಚಾಟ. 7ರಿಂದ 9 ಬಂದರೆ "ಆಯ್ತು, ಆದರೆ..." ಅಂತ. ಏನೂ ಕೂಡಿಸದೆ ಬರೀ ದಾಳ ಲೆಕ್ಕ ಹಾಕಿದರೆ 36ರಲ್ಲಿ 15 ಸಲ ಈ "ಆದರೆ"ಯೇ ಬೀಳುತ್ತದೆ. ಆಟದ ರುಚಿಯೆಲ್ಲ ಅದರಲ್ಲೇ ಇದೆ. ನಾವು ಆಡುತ್ತಿದ್ದದ್ದು ಬೇರೆ ಆಟವಾದರೂ ಅಲ್ಲಿಂದ ಸಾಲ ತಂದೆ. ನೀರುಗಂಟಿ ಹೇಳಿದ, "ನಾನು ಹೋಗ್ತೀನಿ. ಆದರೆ ನನ್ನ ಜಾಗದಲ್ಲಿ ಒಬ್ಬರು ನಿಲ್ಲಬೇಕು."

ಎಲ್ಲರೂ ಸುಮ್ಮನಾದರು. ಇಂಜಿನಿಯರಿಂಗ್ ಓದುವ ಹುಡುಗ ತನ್ನ ಪಾತ್ರದ ಹಾಳೆ ಎತ್ತಿ ನನ್ನ ಕಡೆ ತಳ್ಳಿದ. "ನಾನು ನಿಲ್ತೀನಿ ಸರ್." ಎಂಟು ತಿಂಗಳಿಂದ ಬೆಳೆಸಿದ ಪಾತ್ರ ಅದು. ಮುಂದಿನ ವಾರ ಹೊಸದು ಮೊದಲಿಂದ ಶುರು ಮಾಡಬೇಕು. ಲೆಕ್ಕಕ್ಕೆ ಅವನೇ ಸೋತವನು. ಆದರೆ ಆವತ್ತಿನಿಂದ ಅವನು ಮಾತಾಡೋದೆಲ್ಲ ಅದರ ಬಗ್ಗೆಯೇ.

ಈ ಕಥೆ ಬರೆದವರು ಯಾರು? ನಾನಲ್ಲ. ಮೇಡಂ ಒಂದು ಪ್ರಶ್ನೆ, ದಾಳದ ಒಂದು 4, ಹುಡುಗನ ಒಂದು ಹಾಳೆ. ನಾಟಕಕ್ಕೂ ನಮ್ಮ ಆಟಕ್ಕೂ ಇರುವ ವ್ಯತ್ಯಾಸ ಇದು, ಮಾವ ಸರಿಯಾಗಿಯೇ ಹಿಡಿದರು. ನಮ್ಮಲ್ಲಿ ಕಥೆ ಯಾರಿಗೂ ಮೊದಲೇ ಗೊತ್ತಿರೋದಿಲ್ಲ, ಮೇಷ್ಟ್ರಿಗೂ.

ಈ ಆಟ ಹುಟ್ಟಿದ್ದೂ ಹೀಗೆ ಕೈ ತಪ್ಪಿಯೇ. 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಅನ್ನುವವರು ಒಂದು ಯುದ್ಧದ ಆಟ ಇಟ್ಟುಕೊಂಡರು. ಬ್ರೌನ್‌ಸ್ಟೈನ್ ಅಂತ ಕಲ್ಪನೆಯ ಜರ್ಮನ್ ಊರು, ನೆಪೋಲಿಯನ್ ಕಾಲ. ಸೈನ್ಯದ ಜೊತೆಗೆ ಒಬ್ಬೊಬ್ಬರಿಗೆ ಊರಿನ ಒಂದೊಂದು ಪಾತ್ರವನ್ನೂ ಕೊಟ್ಟರು. ಒಬ್ಬ ಮೇಯರ್, ಒಬ್ಬ ಬ್ಯಾಂಕಿನವನು, ಹೀಗೆ. ಆಡುವವರು ಮೂಲೆಮೂಲೆಯಲ್ಲಿ ನಿಂತು ಗುಟ್ಟು ಮಾತಾಡೋಕೆ ಶುರು ಮಾಡಿದರು. ಯುದ್ಧ ಹಳ್ಳ ಹಿಡಿಯಿತು. ಆಟ ಕೆಟ್ಟಿತು ಅಂತಲೇ ವೆಸ್ಲಿ ಅಂದುಕೊಂಡರು. ಆದರೆ ಆಡಿದವರು ಇನ್ನೊಂದು ಸಲ ಆಡಿಸಿ ಅಂತ ದುಂಬಾಲು ಬಿದ್ದರು. ಅವರಲ್ಲಿ ಡೇವ್ ಆರ್ನೆಸನ್ ಒಬ್ಬರು. ಅವರೂ ಗ್ಯಾರಿ ಗೈಗ್ಯಾಕ್ಸ್ ಅವರೂ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದರು, ಈ ಬಗೆಯಲ್ಲಿ ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲ ಆಟ. ಮೊದಲು ಅಚ್ಚು ಹಾಕಿಸಿದ್ದು ಬರೀ 1000 ಡಬ್ಬಿ.

ಇಷ್ಟೆಲ್ಲ ಕೇಳಿ ಕಥೆಯೇ ಎಲ್ಲಾ ಅಂದುಕೊಳ್ಳಬೇಡಿ. ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡು ಕೆಟ್ಟೆ. ಮೊದಲ ವರ್ಷ ನಮ್ಮ ಜೊತೆ ಒಬ್ಬ ಆಡುತ್ತಿದ್ದ. ಅವನಿಗೆ ಲೆಕ್ಕ ಬೇಕು. ಯಾವ ಕತ್ತಿಗೆ ಎಷ್ಟು ಪೆಟ್ಟು, ಎಷ್ಟು ಚೌಕ ಹಿಂದೆ ಸರಿದರೆ ಬಾಣ ತಾಗಲ್ಲ. ನಾನು ಮೇಷ್ಟ್ರ ಗತ್ತಿನಲ್ಲಿ "ಇದು ಕಥೆ ಕಣಪ್ಪ, ಲೆಕ್ಕದ ಪಾಠ ಅಲ್ಲ" ಅಂತ ಎಲ್ಲರ ಮುಂದೆ ಹೇಳಿದೆ. ಮುಂದಿನ ವಾರ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ. ಅದೇ ಸಮಯದಲ್ಲಿ ನಾನು ಹನ್ನೆರಡು ಪುಟದ ಕಥೆ ಬರೆದು, ಯಾರು ಏನು ಮಾಡಿದರೂ ಅಲ್ಲಿಗೇ ತಂದು ನಿಲ್ಲಿಸುತ್ತಿದ್ದೆ. ಆಡುವವರು ಇದಕ್ಕೆ ರೈಲ್‌ರೋಡಿಂಗ್ ಅಂತಾರೆ. ಹಳಿ ಬಿಟ್ಟು ಗಾಡಿ ಹೋಗಬಾರದು. ಎಲ್ಲರೂ ಆಕಳಿಸಿದರು. ಅಂದರೆ ಕಥೆ ಕಥೆ ಅಂತ ಒಬ್ಬನನ್ನು ಓಡಿಸಿದೆ, ಆ ಕಥೆಯೂ ಚೆನ್ನಾಗಿರಲಿಲ್ಲ.

ನೀರುಗಂಟಿಯ ದಿನವೂ ಎಲ್ಲರಿಗೂ ಮಜಾ ಬಂತಾ? ಇಲ್ಲ. ಹಾರ್ಡ್‌ವೇರ್ ಗೆಳೆಯ ನಲವತ್ತು ನಿಮಿಷ ಫೋನ್ ಒತ್ತುತ್ತಾ ಕೂತಿದ್ದ. ಹೋಗುವಾಗ ನೇರವಾಗಿ ಹೇಳಿದ, "ನೀರಿನ ಪಂಚಾಯ್ತಿ ನಮ್ಮನೇಲೇ ಇದೆ ಗುರು, ಇಲ್ಲಿ ಹೊಡೆಯೋಕೆ ಬರ್ತೀನಿ." ಅದೂ ಸರಿಯೇ. ಮುಂದಿನ ವಾರ ಒಂದೂವರೆ ಗಂಟೆ ಚೌಕದ ಹಾಳೆ ಮೇಲೆ ಬರೀ ಹೊಡೆದಾಟ ಇಟ್ಟೆ. ಅವನ ಕಣ್ಣು ನೋಡಬೇಕಿತ್ತು. ಮೇಡಂ ಎರಡು ಸಲ ಟೀ ಮಾಡಿಕೊಂಡು ಬಂದು "ಇನ್ನೂ ಮುಗಿದಿಲ್ವಾ?" ಅಂದರು. ನಾಲ್ಕನೆಯವರು ಕೆಮಿಸ್ಟ್ರಿ ಲೆಕ್ಚರರ್, ಆಟವಿಡೀ ಹತ್ತು ಮಾತಾಡಿದರೆ ಹೆಚ್ಚು. ಬೇಜಾರಾಗ್ತಿದೆಯಾ ಅಂತ ಒಂದು ದಿನ ಕೇಳಿದೆ. "ನಾನು ಕೇಳಿಸಿಕೊಳ್ಳೋಕೇ ಬರೋದು" ಅಂದರು. ಅವರನ್ನು ಆಮೇಲೆ ಮಾತಿಗೆ ಎಳೆಯೋದು ಬಿಟ್ಟೆ.

ಆದ್ದರಿಂದ ಈಗ ಹೊಸ ಕಥೆಗೆ ಮುಂಚೆ ಒಂದು ದಿನ ಆಡದೆ ಸುಮ್ನೆ ಕೂತು ಮಾತಾಡುತ್ತೇವೆ. ಸೆಷನ್ ಜೀರೋ ಅನ್ನೋದು ಅದಕ್ಕಿರುವ ಹೆಸರು. ಯಾರಿಗೆ ಏನು ಬೇಕು, ಏನು ಬೇಡವೇ ಬೇಡ. ಲೆಕ್ಚರರ್ ಹಾವು ಬೇಡ ಅಂದರು, ನಮ್ಮ ಕಥೆಯಲ್ಲಿ ಹಾವಿಲ್ಲ. ನನ್ನ ಇಷ್ಟ ಕೇಳಿದರೆ ಮಾತು, ಪಾತ್ರ, ದಾಳ ಕೈಕೊಡುವ ಗಳಿಗೆ. ಲೆಕ್ಕ ಜಾಸ್ತಿಯಾದರೆ ನನಗೆ ನಿದ್ದೆ ಬರುತ್ತೆ, ಈಗಲೂ. ಅದು ನನ್ನ ನಾಲಿಗೆ ರುಚಿ ಅಷ್ಟೆ. ಖಾರ ತಿನ್ನುವವನಿಗೆ ಸಪ್ಪೆ ಊಟದ ನ್ಯಾಯ ಹೇಳೋಕೆ ಹೋಗಬಾರದು ಅಂತ ಒಬ್ಬ ಗೆಳೆಯನನ್ನು ಕಳೆದುಕೊಂಡು ಕಲಿತೆ.

ಶುರು ಮಾಡೋಕೆ ಏನು ಬೇಕು ಅಂತಲೂ ಕೇಳುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳು ನೆಟ್‌ನಲ್ಲಿ ಬಿಟ್ಟಿ ಸಿಗುತ್ತವೆ. ಏಳು ದಾಳದ ಒಂದು ಸೆಟ್ಟು, ನಾಲ್ಕು ಜನ, ಒಂದು ಮಧ್ಯಾಹ್ನ.

ಆವತ್ತು ಸಂಜೆ ಮಾವನನ್ನು ಸಬರ್ಬ್ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಪಾಂಡವಪುರದ ಬಸ್ಸು ನಿಂತಿತ್ತು. ಹತ್ತಿ ಕಿಟಕಿ ಪಕ್ಕ ಕೂತರು. ಮದುವೆಗೆ ಬೇಗ ಬಾ ಅಂದರು. ಬಸ್ಸು ಹೊರಡುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಲೋ, ಆ ನೀರುಗಂಟಿ ಪಾರ್ಟು ಇನ್ನೂ ಖಾಲಿ ಐತಾ? ಎಷ್ಟು ಕೊಡ್ಬೇಕು?"