ನಾಳೆಯ ಚಿಂತೆ ಬೇಡ ಎಂದರೆ ಕೈಕಟ್ಟಿ ಕೂರಬೇಕೇ?

"ಅಕ್ಕಾ, ಏನು ಉಣ್ಣಬೇಕು, ಏನು ಉಡಬೇಕು ಎಂದು ಚಿಂತೆ ಮಾಡಬೇಡಿ ಎಂದು ಯೇಸುಸ್ವಾಮಿ ಹೇಳಿದ್ದಾರಲ್ಲ, ಹಾಗಾದರೆ ತಿಂಗಳ ಬಾಡಿಗೆ ಕಟ್ಟುವವರು ಯಾರು?"

ನಮ್ಮ ಸಭೆಯ ಮಹಿಳಾ ಅನ್ಯೋನ್ಯಕೂಟದಲ್ಲಿ ಸತ್ಯವೇದದ (ಬೈಬಲಿನ) ಪಾಠ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯಕ್ಕೆ ಬಂದರೆ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕೆಲಸ ಕಳೆದುಕೊಂಡ ಹುಡುಗರು ಕೇಳುತ್ತಾರೆ. ಜೀವವಿಮೆ ಮಾಡಿಸಿದರೆ ಅದು ಅವಿಶ್ವಾಸವಾಗುತ್ತದೆಯೇ ಎಂದು ಹೊಸದಾಗಿ ಮದುವೆಯಾದವರು ಕೇಳುತ್ತಾರೆ. ಕ್ರೈಸ್ತರಲ್ಲದ ನೆರೆಹೊರೆಯವರದು ಇನ್ನೂ ನೇರವಾದ ಮಾತು: ನಿಮ್ಮ ದೇವರು ಹಕ್ಕಿಗಳಿಗೆ ಉಣಿಸುತ್ತಾನೆ ಎನ್ನುತ್ತೀರಿ, ಹಸಿದು ಮಲಗುವ ಮಕ್ಕಳ ಕಥೆ ಏನು?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮಾತನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ನಮಗೆ ಏನು ಬೇಕೆಂಬುದು ಪರಲೋಕದ ತಂದೆಗೆ ಗೊತ್ತಿದೆ, ಆತನು ಸಲಹುತ್ತಾನೆ. ಆದರೆ ಆತನು ಹೇಗೆ ಸಲಹುತ್ತಾನೆ ಎಂಬುದನ್ನೂ ಸತ್ಯವೇದವೇ ತೋರಿಸಿಕೊಟ್ಟಿದೆ. ಅಲ್ಲಿ ಬಹುತೇಕ ಸಲ ಇನ್ನೊಬ್ಬ ಮನುಷ್ಯನ ಕೈ ಕಾಣಿಸುತ್ತದೆ. ಮೊದಲನೆಯದನ್ನು ಬೋಧಿಸಿ ಎರಡನೆಯದನ್ನು ಬಿಟ್ಟುಬಿಟ್ಟರೆ, ದೇವರ ವಾಗ್ದಾನ ಹಸಿದವನ ಕಿವಿಗೆ ಗದರಿಕೆಯಂತೆ ಕೇಳಿಸುತ್ತದೆ.

ಆ ಮಾತನ್ನು ಮೊದಲು ಕೇಳಿದವರು ಯಾರು ಎಂದು ನೋಡಿ. ಗಲಿಲಾಯದ ಬೆಟ್ಟದ ಮೇಲೆ ಯೇಸುಸ್ವಾಮಿಯ ಹತ್ತಿರ ಕೂತವರಲ್ಲಿ ಬೆಸ್ತರಿದ್ದರು. ಬಲೆ ಖಾಲಿಯಾಗಿ ಬಂದ ರಾತ್ರಿಗಳ ಅನುಭವ ಅವರಿಗಿತ್ತು. ಆ ಸೀಮೆಯ ದಿನಗೂಲಿಯವರ ಪಾಡು ಅದೇ ಸುವಾರ್ತೆಯ 20ನೆಯ ಅಧ್ಯಾಯದ ಸಾಮ್ಯದಲ್ಲಿ (ದೃಷ್ಟಾಂತ ಕಥೆಯಲ್ಲಿ) ಇದೆ: ದಿನಕ್ಕೊಂದು ಬೆಳ್ಳಿ ನಾಣ್ಯದ ಕೂಲಿ, ಪೇಟೆಯಲ್ಲಿ ನಿಂತು ಕಾಯುವ ಜನ, ಸಂಜೆ ಇನ್ನೇನು ಹೊತ್ತು ಮುಳುಗಬೇಕು ಎನ್ನುವಾಗಲೂ "ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ" ಎನ್ನುವವರು. ನಮ್ಮ ಊರುಗಳ ವೃತ್ತಗಳಲ್ಲಿ ಬೆಳಗಾಗುತ್ತಲೇ ಕರಣೆ, ಗುದ್ದಲಿ ಹಿಡಿದು ಮೇಸ್ತ್ರಿಗಾಗಿ ಕಾಯುವ ಗಾರೆ ಕೆಲಸದವರನ್ನು ಕಂಡವರಿಗೆ ಆ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು, ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ ಎಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ. ಅಂಥ ಬದುಕಿನ ನಡುವೆ ಹೇಳಿದ ಮಾತು ಇದು. ನಾಳೆ ಕೂಲಿ ಸಿಗುತ್ತದೋ ಇಲ್ಲವೋ ಎಂದು ರಾತ್ರಿಯಿಡೀ ಹೊರಳಾಡುವವನಿಗೆ, ನಿನ್ನನ್ನು ಕಾಣುವ ತಂದೆಯೊಬ್ಬನಿದ್ದಾನೆ, ಆ ಹೊತ್ತಿನ ಪಾಡು ಆ ಹೊತ್ತಿಗೆ ಸಾಕು ಎಂದು ಹೇಳಿದ್ದು. ಇವತ್ತು ಹೊಲದಲ್ಲಿದ್ದು ನಾಳೆ ಒಲೆಯ ಪಾಲಾಗುವ ಹುಲ್ಲಿಗೂ ದೇವರು ಹೂವಿನ ಉಡುಗೆ ತೊಡಿಸುತ್ತಾನೆ ಎಂದಾಗ, ಅಂಥ ಹುಲ್ಲನ್ನು ಆಯ್ದು ತಂದು ರೊಟ್ಟಿ ಸುಡುತ್ತಿದ್ದ ಹೆಂಗಸರಿಗೆ ಅದು ಎಷ್ಟು ಹತ್ತಿರದ ಮಾತಾಗಿ ಕೇಳಿಸಿರಬೇಕು!

ಇನ್ನೊಂದು ವಿಷಯ. ಚಿಂತೆ ಬೇಡ ಎನ್ನುವುದಕ್ಕೆ ಸ್ವಲ್ಪ ಮೊದಲು ಯೇಸುಸ್ವಾಮಿ ಇಬ್ಬರು ಯಜಮಾನರ ಮಾತು ಎತ್ತುತ್ತಾರೆ. ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾರಿರಿ, ಆದ್ದರಿಂದ ಚಿಂತಿಸಬೇಡಿ ಎಂಬುದು ಅಲ್ಲಿನ ಓಟ. ಲೂಕನ ಸುವಾರ್ತೆಯಲ್ಲಿ ಇದೇ ಬೋಧನೆಗೆ ಮುಂಚೆ, ಇದ್ದ ಕಣಜಗಳನ್ನು ಕೆಡವಿಸಿ ದೊಡ್ಡದಾಗಿ ಕಟ್ಟಿಸಲು ಹೊರಟ ಐಶ್ವರ್ಯವಂತನ ಕಥೆ ಬರುತ್ತದೆ. ಅವನು ಅದೇ ರಾತ್ರಿ ಸಾಯುತ್ತಾನೆ. ಚಿಂತೆಗೆ ಬಡವನ ಮನೆಯಲ್ಲಿ ಒಂದು ಮುಖ, ಉಳ್ಳವನ ಮನೆಯಲ್ಲಿ ಇನ್ನೊಂದು ಮುಖ. ಅಲ್ಲಿ ನಿದ್ದೆ ಬಾರದ ರಾತ್ರಿ, ಇಲ್ಲಿ ಎಷ್ಟು ಕೂಡಿಟ್ಟರೂ ತೀರದ ದಾಹ. ಎರಡು ಕಡೆಯೂ ಯಜಮಾನಿಕೆ ಹಣದ್ದೇ. ನಮ್ಮ ಸಭೆಗಳಲ್ಲಿ ಈ ಅಧ್ಯಾಯದ ಮೇಲಿನ ಪ್ರಸಂಗವನ್ನು ಬಡವರ ಕಡೆಗೇ ತಿರುಗಿಸಿ ಹೇಳುವುದನ್ನು ಕೇಳಿದಾಗೆಲ್ಲ ನನಗೆ ನೋವಾಗುತ್ತದೆ.

ಈಗ ಮನ್ನದ ಸಂಗತಿಗೆ, ಎಂದರೆ ಮರುಭೂಮಿಯಲ್ಲಿ ದೇವರು ಆಕಾಶದಿಂದ ಕೊಟ್ಟ ಆಹಾರದ ಸಂಗತಿಗೆ ಬರುತ್ತೇನೆ. ನನ್ನ ಮಟ್ಟಿಗೆ ಈ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠ ಸತ್ಯವೇದದಲ್ಲಿ ಇನ್ನೊಂದಿಲ್ಲ. ವಿಮೋಚನಕಾಂಡದ 16ನೆಯ ಅಧ್ಯಾಯ. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಹೊರಬಂದ ಇಸ್ರಾಯೇಲ್ಯರು ಮರುಭೂಮಿಯಲ್ಲಿ ಹಸಿದು ಗುಣುಗುಟ್ಟುತ್ತಾರೆ. ಮಾಂಸದ ಪಾತ್ರೆಗಳ ಬಳಿ ಕೂತು ಹೊಟ್ಟೆ ತುಂಬ ಉಣ್ಣುತ್ತಿದ್ದ ಐಗುಪ್ತವೇ ವಾಸಿಯಾಗಿತ್ತು ಎನ್ನುತ್ತಾರೆ. ಚಿಂತೆ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡಿ, ಚಾಟಿಯೇಟು ಮರೆತು ಸಾರಿನ ನೆನಪು ಉಳಿಯುತ್ತದೆ. ದೇವರು ಅವರನ್ನು ದಂಡಿಸಲಿಲ್ಲ, ಉಣಿಸಿದನು. ಬೆಳಗಿನ ಇಬ್ಬನಿ ಆರಿದ ಮೇಲೆ ನೆಲದ ಮೇಲೆ ಸಣ್ಣಸಣ್ಣ ರವೆಯಂಥದ್ದು ಬಿದ್ದಿತ್ತು. ತಲೆಗೊಂದು ಓಮೆರ್ ಅಳತೆಯಂತೆ ಅವರವರ ಡೇರೆಯಲ್ಲಿ ಎಷ್ಟು ಜನರಿದ್ದರೋ ಅಷ್ಟಕ್ಕೆ ಕೂಡಿಸಿಕೊಳ್ಳಬೇಕು. ಮರುದಿನಕ್ಕೆ ಉಳಿಸಬಾರದು. ಕೆಲವರು ಉಳಿಸಿದರು, ಅದು ಹುಳಬಿದ್ದು ನಾರಿತು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಹೇಳುವವರು ಕಡಿಮೆ. ಆರನೆಯ ದಿನ ಎರಡರಷ್ಟು ಕೂಡಿಸಿಡಿ ಎಂದು ಅಪ್ಪಣೆಯಾಯಿತು, ಮರುದಿನ ಸಬ್ಬತ್ತಿನ ವಿಶ್ರಾಂತಿ. ಆ ದಿನ ಉಳಿಸಿದ್ದಕ್ಕೆ ಹುಳ ಬೀಳಲಿಲ್ಲ, ವಾಸನೆಯೂ ಬರಲಿಲ್ಲ. ಎಂದರೆ ಉಳಿಸುವುದೇ ಪಾಪವಾಗಿರಲಿಲ್ಲ. ನಾಳೆ ದೇವರು ಇರುತ್ತಾನೋ ಇಲ್ಲವೋ ಎಂಬ ಭಯದಿಂದ ಉಳಿಸಿದ್ದು ಕೊಳೆಯಿತು, ಮಾತು ಕೇಳಿ ಉಳಿಸಿದ್ದು ಉಳಿಯಿತು. ಜೀವವಿಮೆಯ ಪ್ರಶ್ನೆಗೂ ನನ್ನ ಉತ್ತರ ಇದೇ. ಐಗುಪ್ತದಲ್ಲಿ ಯೋಸೇಫನು ಸುಭಿಕ್ಷದ ಏಳು ವರ್ಷ ಬೆಳೆಯ ಐದನೆಯ ಒಂದು ಪಾಲನ್ನು ಶೇಖರಿಸಿಟ್ಟನು, ಅದರಿಂದ ಕ್ಷಾಮದಲ್ಲಿ ಜನ ಬದುಕಿಕೊಂಡರು. ಹೆಂಡತಿ ಮಕ್ಕಳಿಗಾಗಿ ವಿಮೆಯ ಕಂತು ಕಟ್ಟಿ, ನೆಮ್ಮದಿಯಾಗಿ ಪ್ರಾರ್ಥನೆ ಮಾಡಿ ಮಲಗಿಕೊಳ್ಳಿ.

ಮನ್ನ ಎಂದು ನಿಂತಿತು ಎಂಬುದನ್ನೂ ಗಮನಿಸಬೇಕು. ನಲವತ್ತು ವರ್ಷ ಸುರಿದ ಮನ್ನ, ಜನರು ದೇವರು ವಾಗ್ದಾನ ಮಾಡಿದ್ದ ಕಾನಾನಿನ ನೆಲದಲ್ಲಿ ಬೆಳೆದದ್ದನ್ನು ಉಂಡ ಮರುದಿನವೇ ನಿಂತುಹೋಯಿತು ಎಂದು ಯೆಹೋಶುವನ ಪುಸ್ತಕದ 5ನೆಯ ಅಧ್ಯಾಯ ಹೇಳುತ್ತದೆ. ಆ ದಿನ ದೇವರು ಅವರನ್ನು ಕೈಬಿಟ್ಟನೇ? ಇಲ್ಲ. ಅಲ್ಲಿಂದ ಮುಂದೆ ಉಳುವ ಎತ್ತು, ಬೀಳುವ ಮಳೆ, ಕೊಯ್ಯುವ ಕುಡುಗೋಲು ಇವುಗಳ ಮೂಲಕ ಅದೇ ದೇವರು ಉಣಿಸಿದನು. ಹೊಲವಿರುವಲ್ಲಿ ಆಕಾಶ ನೋಡುತ್ತ ಕೂತವನಿಗೆ ಮನ್ನ ಬೀಳುವುದಿಲ್ಲ. ಬೆಳಗಿನ ಪಾಳಿಗೆ ಹೋಗಿ ದುಡಿದು ತರುವ ನಮ್ಮ ಸಭೆಯ ತಾಯಂದಿರ ಬುತ್ತಿ ಮನ್ನಕ್ಕಿಂತ ಕಡಿಮೆಯ ಅದ್ಭುತವೆಂದು ನಾನು ಎಣಿಸುವುದಿಲ್ಲ.

ಈ ಮನ್ನದ ಕಥೆಯಲ್ಲಿ ಒಂದು ವಾಕ್ಯವಿದೆ: ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಶತಮಾನಗಳ ನಂತರ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಇದನ್ನೇ ಎತ್ತಿಕೊಳ್ಳುತ್ತಾನೆ. ಯಾವ ಸಂದರ್ಭದಲ್ಲಿ? ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಚಂದಾ ಎತ್ತುವಾಗ! ನಿಮ್ಮ ಸಮೃದ್ಧಿ ಈಗ ಅವರ ಕೊರತೆಯನ್ನು ನೀಗಿಸಲಿ ಎಂದು ಹೇಳಿ ಮನ್ನವನ್ನು ನೆನಪಿಸುತ್ತಾನೆ. ಮರುಭೂಮಿಯಲ್ಲಿ ಆಕಾಶದಿಂದ ಬಂದದ್ದು ಸಭೆಯಲ್ಲಿ ಕಾಣಿಕೆಯ ಚೀಲದಿಂದ ಬರಬೇಕು ಎಂಬುದು ಅವನ ತಿಳಿವಳಿಕೆ. ನನ್ನ ಇಡೀ ಉತ್ತರ ನಿಂತಿರುವುದು ಇಲ್ಲಿ.

ನೆರೆಮನೆಯವರ ಕಠಿಣ ಪ್ರಶ್ನೆಯನ್ನು ನಾನು ಜಾರಿಸುವುದಿಲ್ಲ. ನಂಬಿದವರಿಗೂ ಹಸಿವೆ ಬರುತ್ತದೆ ಎಂಬುದನ್ನು ಸತ್ಯವೇದ ಮುಚ್ಚಿಡುವುದಿಲ್ಲ. ಹಸಿವೆ, ಬಾಯಾರಿಕೆ, ಚಳಿ, ಬಟ್ಟೆಯಿಲ್ಲದಿರುವಿಕೆ ಎಲ್ಲವನ್ನೂ ತಾನು ಉಂಡಿದ್ದೇನೆ ಎಂದು ಪೌಲನೇ ಬರೆದಿದ್ದಾನೆ. ಯಾವ ಸಂಬಂಧವಾಗಿಯೂ ಚಿಂತೆ ಮಾಡಬೇಡಿ ಎಂದು ಫಿಲಿಪ್ಪಿಯವರಿಗೆ ಬರೆದದ್ದು ಸೆರೆಮನೆಯಿಂದ. ಅದೇ ಪತ್ರದ ಕೊನೆಯಲ್ಲಿ, ಎಪಫ್ರೊದೀತನ ಕೈಯಲ್ಲಿ ನೀವು ಕಳುಹಿಸಿದ್ದು ತಲುಪಿತು, ನನಗೆ ಬೇಕಾದಷ್ಟಾಗಿದೆ ಎಂದು ಕೃತಜ್ಞತೆ ಹೇಳುತ್ತಾನೆ. ನಿಶ್ಚಿಂತೆಯ ಮಾತೂ ನೆರವಿನ ರಸೀತಿಯೂ ಒಂದೇ ಕಾಗದದಲ್ಲಿವೆ. ಕ್ಲೌದಿಯ ಚಕ್ರವರ್ತಿಯ ಕಾಲದಲ್ಲಿ ಕ್ಷಾಮ ಬರುತ್ತದೆ ಎಂಬ ಪ್ರವಾದನೆ ಕೇಳಿದ ಅಂತಿಯೋಕ್ಯದ ಶಿಷ್ಯರು, ತಂತಮ್ಮ ಶಕ್ತಿಗೆ ತಕ್ಕಷ್ಟು ಹಣ ಕೂಡಿಸಿ ಬಾರ್ನಬ ಮತ್ತು ಸೌಲ (ಪೌಲನ ಇನ್ನೊಂದು ಹೆಸರು) ಇವರ ಕೈಯಲ್ಲಿ ಯೂದಾಯಕ್ಕೆ ಕಳುಹಿಸಿದರು. ಬಟ್ಟೆಯಿಲ್ಲದ, ಆ ದಿನದ ಊಟವಿಲ್ಲದ ಸಹೋದರನಿಗೆ "ಸಮಾಧಾನದಿಂದ ಹೋಗು" ಎಂದಷ್ಟೇ ಹೇಳಿ ಕಳುಹಿಸಿದರೆ ಏನು ಪ್ರಯೋಜನ ಎಂದು ಯಾಕೋಬನು ಕೇಳುತ್ತಾನೆ. ಹಾಗಾಗಿ ಹಸಿದ ಮಗುವಿನ ಮುಂದೆ ದೇವರು ಎಲ್ಲಿದ್ದಾನೆ ಎಂದು ಯಾರಾದರೂ ಕೇಳಿದಾಗ, ಆ ಪ್ರಶ್ನೆ ಮೊದಲು ನನ್ನ ಬಳಿಗೆ ಬರಬೇಕು ಎಂದು ನಾನು ನಂಬುತ್ತೇನೆ. ಉಳಿದ ದುಃಖಕ್ಕೆಲ್ಲ ನನ್ನಲ್ಲಿ ಉತ್ತರವಿದೆ ಎನ್ನುವುದಿಲ್ಲ. ಕ್ಷಾಮವಾಗಲಿ ವಸ್ತ್ರವಿಲ್ಲದಿರುವಿಕೆಯಾಗಲಿ ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದು ಎಂಬ ರೋಮಾಪುರದವರ ಪತ್ರದ ಮಾತನ್ನು ಹಿಡಿದುಕೊಂಡು ಪ್ರಾರ್ಥಿಸುತ್ತೇನೆ.

ನಮ್ಮ ನಾಡಿನಲ್ಲಿಯೇ ಇದಕ್ಕೆ ಸಾಕ್ಷಿಯಿದೆ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ದೀಕ್ಷಾಸ್ನಾನ ಪಡೆದ ಅನೇಕರು ಮನೆಯಿಂದ, ಕುಲದಿಂದ ಹೊರಬಿದ್ದರು, ಅದರೊಂದಿಗೆ ಕಸುಬೂ ಹೋಯಿತು. ಕ್ರಿಸ್ತನನ್ನು ನಂಬಿದ್ದರಿಂದಲೇ ಅವರ ಅನ್ನಕ್ಕೆ ಕಲ್ಲು ಬಿತ್ತು. ಅಂಥವರಿಗೆ ಕೆಲಸ ಕೊಡಲು ಮಿಷನ್ನು ಮಗ್ಗಗಳನ್ನು ಹೂಡಿತು. 1865ರಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಮಂಗಳೂರು ಹೆಂಚು ಎಂದು ಹೆಸರಾದ ಆ ಕೆಂಪು ಹೆಂಚುಗಳಲ್ಲಿ ಪ್ರಾರ್ಥನೆಗೆ ಸಿಕ್ಕ ಉತ್ತರವೂ ಇದೆ ಎಂದೇ ನಾನು ಹೇಳುತ್ತೇನೆ.

ವಿಶ್ವಾಸದ ಮಾತು ಬಂದಾಗ ನಮ್ಮ ಪ್ರಸಂಗಿಗಳು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಜಾರ್ಜ್ ಮುಲ್ಲರ್ ಹೆಸರು ತೆಗೆಯದೆ ಇರುವುದಿಲ್ಲ. ಪ್ರಷ್ಯದಲ್ಲಿ 1805ರಲ್ಲಿ ಹುಟ್ಟಿದ ಅವರು 1836ರಲ್ಲಿ ಅನಾಥಾಲಯ ತೆರೆದರು, 1870ರ ಹೊತ್ತಿಗೆ ಬ್ರಿಸ್ಟಲ್ಲಿನ ಆಶ್ಲಿ ಡೌನಿನಲ್ಲಿ ಐದು ದೊಡ್ಡ ಕಟ್ಟಡಗಳಾಗಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಜಾಗವಾಗಿತ್ತು. ಯಾರ ಬಳಿಯೂ ಹಣ ಕೇಳದೆ ದೇವರನ್ನೇ ಕೇಳಿದರು ಎಂಬುದು ನಿಜ. ಆದರೆ ಅವರು ಸಾಲ ಮಾಡುತ್ತಿರಲಿಲ್ಲ, ಬಂದ ಕಾಣಿಕೆಯ ಲೆಕ್ಕವನ್ನು ಚೊಕ್ಕವಾಗಿ ಬರೆದಿಟ್ಟು ವರ್ಷವರ್ಷ ಪ್ರಕಟಿಸುತ್ತಿದ್ದರು ಎಂಬ ಭಾಗವೂ ಅಷ್ಟೇ ನಿಜ. ಮುಲ್ಲರರ ಹೆಸರು ಹೇಳಿ "ವಿಶ್ವಾಸದಿಂದ" ಬಡ್ಡಿ ಸಾಲ ತೆಗೆಯಿರಿ ಎನ್ನುವವರನ್ನೂ, ಸಂಘದ ಕಂತು ಕಟ್ಟಲು ಇಟ್ಟ ಹಣವನ್ನು ಬಿತ್ತನೆಯ ಕಾಣಿಕೆಯಾಗಿ ಹಾಕಿದರೆ ನೂರರಷ್ಟು ಬರುತ್ತದೆ ಎಂದು ಬಡ ಹೆಂಗಸರನ್ನು ನಂಬಿಸುವವರನ್ನೂ ದಯವಿಟ್ಟು ನಂಬಬೇಡಿ. ಅದು ಹಣದ ಸೇವೆಯೇ, ದೇವರ ಹೆಸರಿನಲ್ಲಿ ನಡೆಯುತ್ತಿದೆ ಅಷ್ಟೇ.

ದಿನದಿನದ ಬದುಕಿನಲ್ಲಿ ಏನು ಮಾಡಬೇಕು ಎಂದು ಕೇಳುವವರಿಗೆ: ಖರ್ಚಿನ ಲೆಕ್ಕವನ್ನು ಹಗಲಲ್ಲಿ ಬರೆಯಿರಿ, ರಾತ್ರಿ ಮಾಡಬೇಡಿ. ರಾತ್ರಿಯ ಲೆಕ್ಕ ಎಂದೂ ಸರಿಹೋಗುವುದಿಲ್ಲ. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಎನ್ನುವಾಗ ಪಕ್ಕದ ಮನೆಯವರನ್ನೂ ಸೇರಿಸಿ ಕೇಳಿ. ಕೈಯಲ್ಲಿ ಸ್ವಲ್ಪವೇ ಇದ್ದರೂ ಅದರಲ್ಲಿ ಒಂದು ಪಾಲು ತೆಗೆದಿಡಿ. ಮಿಜೋರಾಮಿನ ಕ್ರೈಸ್ತ ಹೆಂಗಸರು ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕುತ್ತಾರೆ. ಬುಹ್‌ಫಾಯ್ ಥಾಮ್ ಎಂದು ಅದರ ಹೆಸರು. ಸಭೆಯವರು ಅದನ್ನು ಕೂಡಿಸಿ ಮಾರಿ ಬಂದ ಹಣದಿಂದ ಸೇವೆ ನಡೆಸುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಿಂದ ಬಂದ ಪದ್ಧತಿ ಇದು. ನಾಳೆಗೆ ಸಾಲದು ಎಂದು ಹೆದರುವ ಕೈ ಆ ಒಂದು ಹಿಡಿಯನ್ನು ಎತ್ತಿಡಲಾರದು.

ಎದೆ ಹೊಡೆದುಕೊಳ್ಳುವುದು, ವಾರಗಟ್ಟಲೆ ನಿದ್ದೆ ಬಾರದಿರುವುದು, ಎದ್ದು ಕೆಲಸ ಮಾಡಲಾಗದಿರುವುದು ಕಾಯಿಲೆಯಾಗಿರಬಹುದು. ವೈದ್ಯರ ಬಳಿಗೆ ಹೋಗಿ. ಅಂಥವರಿಗೆ ನಿಮ್ಮಲ್ಲಿ ವಿಶ್ವಾಸ ಸಾಲದು ಎನ್ನುವುದು ಕ್ರೂರ ಮಾತು.

ಈ ತಿಂಗಳ ಬಾಡಿಗೆಗೆ ದಾರಿ ಕಾಣದವರು ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿ. ಪ್ರಾರ್ಥಿಸಿ, ಆಮೇಲೆ ನಿಮ್ಮ ಸಭಾಪಾಲಕರಿಗೋ ನಂಬುವ ಇಬ್ಬರು ಸ್ನೇಹಿತರಿಗೋ ಎಷ್ಟು ಹಣ, ಯಾವ ತಾರೀಖಿನೊಳಗೆ ಬೇಕು ಎಂದು ಬಿಡಿಸಿ ಹೇಳಿ. ಸಂಕೋಚ ಬೇಡ. ಸಭೆಯ ಹಿರಿಯರು ಓದುತ್ತಿದ್ದರೆ, ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಯಾರೋ ನಿಮ್ಮ ಬಳಿ ಮಾತನಾಡಲು ಕಾಯುತ್ತಿದ್ದಾರೆ.