44 ಅಡಿ ಜಾಗ ಉಂಟಾ?

ಬೆಂಗಳೂರಿನ ಕೆಲಸ ಬಿಟ್ಟು ವಿದ್ಯಾನಗರಕ್ಕೆ ವಾಪಸ್ ಬರುವಾಗ ನನ್ನ ಬ್ಯಾಗಿನಲ್ಲಿ ಎರಡು ಪ್ಯಾಡಲ್, ಮೂರು ತೂತುತೂತಿನ ಪ್ಲಾಸ್ಟಿಕ್ ಚೆಂಡು ಇದ್ದವು. ಅಲ್ಲಿ ಹತ್ತಿಸಿಕೊಂಡ ಪಿಕಲ್‌ಬಾಲ್ ಚಟ, ನೆಟ್ಟಿನ ಆಚೆ ಈಚೆ ನಿಂತು ಪ್ಯಾಡಲ್‌ನಲ್ಲಿ ಆ ಚೆಂಡು ಬಾರಿಸುವ ಆಟ. ಕಾಸರಗೋಡಿನಲ್ಲಿ ಆಡಲು ಜಾಗ ಸಿಗದೆ ಇರುತ್ತದಾ ಅಂದುಕೊಂಡಿದ್ದೆ. 1957ರಿಂದ ಸರಕಾರಿ ಕಾಲೇಜು ಇರುವ ಜಾಗ, ಸ್ಟೇಡಿಯಂ ಉಂಟು, ಊರಿಗೊಂದು ಟರ್ಫ್, ವಾರ್ಡಿಗೊಂದು ಕ್ಲಬ್. ಇನ್ನೇನು ಬೇಕು?

ಬೇಕಾದದ್ದು ಜಾಸ್ತಿ ಏನಿಲ್ಲ. 44 ಅಡಿ ಉದ್ದ, 20 ಅಡಿ ಅಗಲ. ಶಟಲ್ ಡಬಲ್ಸ್ ಕೋರ್ಟಿನ ಅಳತೆಯೂ ಇದೇ. ಶಟಲ್ ನೆಟ್ ಮಧ್ಯದಲ್ಲಿ 60 ಇಂಚು ಇದ್ದರೆ ಇದರದ್ದು 34, ಬದಿಗಳಲ್ಲಿ 36. ಹಾಗಾಗಿ ಆ ಭಾನುವಾರ ಬೆಳಿಗ್ಗೆ ಗೆಳೆಯನ ಬೈಕ್ ಹತ್ತಿ ಮೊದಲು ಹೋದದ್ದು ಒಂದು ಇನ್‌ಡೋರ್ ಶಟಲ್ ಕೋರ್ಟಿಗೆ.

ಅಲ್ಲಿಯವರು ಚೆಂಡನ್ನು ಕೈಯಲ್ಲಿ ತಿರುಗಿಸಿ ನೋಡಿದರು. ನೆಲಕ್ಕೊಮ್ಮೆ ಕುಟ್ಟಿದರು. ಟಕ್ ಅಂತ ಇಡೀ ಹಾಲ್ ಕೇಳಿತು. "ಇಲ್ಲಿ ಶಟಲ್ ಮಾತ್ರ. ನೀವು ನೆಟ್ ಇಳಿಸಿದ್ರೆ ಮತ್ತೆ ಎಳೆದು ಕಟ್ಟುವವರು ಯಾರು?" ಅಂದರು. ನಾವೇ ಕಟ್ತೇವೆ ಅಂದರೂ ಒಪ್ಪಲಿಲ್ಲ. ಒಂದು ಲೆಕ್ಕದಲ್ಲಿ ಅವರದ್ದೂ ಸರಿ, ಮುಂದಿನ ಬುಕಿಂಗಿನವರು ಆಗಲೇ ಬಾಗಿಲಲ್ಲಿ ಶೂ ಲೇಸ್ ಕಟ್ಟುತ್ತಿದ್ದರು.

ಅಲ್ಲಿಂದ ಟರ್ಫ್. ಫುಟ್‌ಬಾಲಿನ ಹುಡುಗರು ಮುಗಿಸಿ ನೀರು ಕುಡಿಯುತ್ತಿದ್ದರು, ಐದು ನಿಮಿಷ ಸುಮ್ನೆ ಬಿಟ್ಟುಕೊಟ್ಟರು. "ಇದ್ ಎಂದ್ ಸಾಧನ?" ಇದೆಂತ ಸಾಮಾನು ಅಂತ ಮಲಯಾಳದಲ್ಲಿ ಕೇಳುತ್ತಾ ಒಬ್ಬ ಪ್ಯಾಡಲ್ ಎತ್ತಿ ಬಗ್ಗಿಸಿ ನೋಡಿದ. ಆದರೆ ಕೃತಕ ಹುಲ್ಲಿನ ಮೇಲೆ ಈ ಚೆಂಡು ಸತ್ತೇ ಹೋಗುತ್ತದೆ. ಪಿಕಲ್‌ಬಾಲ್‌ನಲ್ಲಿ ಸರ್ವ್ ಮಾಡಿದ ಚೆಂಡು ಆಚೆ ಒಮ್ಮೆ ಪುಟಿಯಬೇಕು, ತಿರುಗಿ ಬಂದದ್ದು ಈಚೆಯೂ ಒಮ್ಮೆ ಪುಟಿಯಬೇಕು, ಆಮೇಲೆಯೇ ನೇರವಾಗಿ ಬಾರಿಸಬಹುದು. ಪುಟಿಯದ ನೆಲದಲ್ಲಿ ಆಟ ಶುರುವೇ ಆಗುವುದಿಲ್ಲ. ಕ್ಲಬ್ಬಿನ ಮಣ್ಣಿನ ಕೋರ್ಟಿನ ಕತೆಯೂ ಅಷ್ಟೇ, ಹಿಂದಿನ ರಾತ್ರಿ ಮಳೆ ಬೇರೆ ಬಂದಿತ್ತು.

ಹನ್ನೊಂದು ಗಂಟೆಗೆ ಚೆರ್ಕಳದಲ್ಲಿ ಚಾ ಕುಡಿಯುತ್ತಾ ಗೆಳೆಯ ಕೇಳಿದ. "ಗಟ್ಟಿ ನೆಲ, ಸಮತಟ್ಟು, ಯಾರೂ ಬೈಯಬಾರದು. ಇಷ್ಟೇ ಅಲ್ವಾ?"

"ಇಷ್ಟೇ."

"ಹಾಗಾದ್ರೆ ಮಾವನ ಅಂಗಳ."

ಅಡಿಕೆ ಅಂಗಳ! ನೀರ್ಚಾಲಿನ ಹತ್ತಿರ ಅವನ ಮಾವನ ತೋಟ. ಅಡಿಕೆ ಒಣಗಿಸಲಿಕ್ಕೆ ಮನೆ ಪಕ್ಕ ದೊಡ್ಡ ಸಿಮೆಂಟಿನ ಅಂಗಳ ಮಾಡಿಸಿದ್ದಾರೆ. ಅಕ್ಟೋಬರ್ ಕೊನೆ, ಕೊಯ್ಲು ಶುರುವಾಗಿರಲಿಲ್ಲ, ಅಂಗಳ ಖಾಲಿ. ಖಾಲಿ ಅಂದರೆ ಪೂರ್ತಿ ಖಾಲಿಯಲ್ಲ, ಮಳೆಗಾಲದ ಪಾಚಿ ಕಟ್ಟಿಕೊಂಡು ಕಾಲಿಟ್ಟರೆ ಜಾರುತ್ತಿತ್ತು. ಮಾವ ನಮ್ಮನ್ನೂ ಪಾಚಿಯನ್ನೂ ನೋಡಿದರು. "ಆಡ್ಲಿಕ್ಕೆ ಅಡ್ಡಿ ಇಲ್ಲ ಮಾರಾಯ. ಮೊದ್ಲು ಇದನ್ನು ತೆಗೀರಿ."

ಬ್ಲೀಚಿಂಗ್ ಪೌಡರ್ ಎರಚಿ, ಹಿಡಿಸೂಡಿಯಲ್ಲಿ ಎರಡು ಗಂಟೆ ಉಜ್ಜಿದೆವು. ಕೊಯ್ಲಿಗೆ ಮೊದಲು ಅವರು ಹೇಗಿದ್ದರೂ ಆಳಿಗೆ ಹೇಳಬೇಕಾಗಿದ್ದ ಕೆಲಸ ಇದು ಅಂತ ಆಮೇಲೆ ಗೊತ್ತಾಯಿತು. ಇರಲಿ.

ಊಟ ಮಾಡಿ ಎದ್ದು ಟೇಪ್ ಹಿಡಿದೆವು. ಕೊಳೆರೋಗಕ್ಕೆ ಮದ್ದು ಬಿಡಲು ಮೈಲುತುತ್ತಿನ ಜೊತೆ ಬೆರೆಸಲಿಕ್ಕೆ ತಂದ ಸುಣ್ಣ ಉಳಿದಿತ್ತು, ಅದರಲ್ಲಿ ಗೆರೆ ಎಳೆದೆವು. ಎರಡು ಅಡಿಕೆ ಸಲಕೆ ನಿಲ್ಲಿಸಿ ನಡುವೆ ಹಸಿರು ಶೇಡ್ ನೆಟ್. ಬದಿಯಲ್ಲಿ 36 ಇಂಚಿಗೆ ಕಟ್ಟಿದರೆ ಮಧ್ಯದಲ್ಲಿ ಅದು ತಾನಾಗಿಯೇ ಜೋತು ಬಿತ್ತು. ಎರಡಲ್ಲ, ನಾಲ್ಕು ಇಂಚು, ಯಾರು ಕೇಳ್ತಾರೆ? 1965ರಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ ಈ ಆಟ ಹುಟ್ಟಿದ್ದೂ ಹೀಗೆಯೇ. ಹಳೇ ಶಟಲ್ ಕೋರ್ಟ್ ಇತ್ತು, ಶಟಲ್ ಸಾಮಾನು ಸಿಗಲಿಲ್ಲ, ಟೇಬಲ್ ಟೆನಿಸ್ ಬ್ಯಾಟು, ತೂತಿನ ಚೆಂಡು ಹಿಡಿದು ಆಡಿದ್ದರು. ನಾವೇನೂ ಅವರಿಗಿಂತ ಕಡಿಮೆ ಇರಲಿಲ್ಲ.

ಸಮಸ್ಯೆ ಬಂದದ್ದು ಮಾವ ಪ್ಯಾಡಲ್ ಹಿಡಿದಾಗ. ಅವರು ಹಳೇ ವಾಲಿಬಾಲ್ ಆಟಗಾರರು. ನೆಟ್ಟಿನಿಂದ ಏಳು ಅಡಿಯ ಜಾಗಕ್ಕೆ ಕಿಚನ್ ಅನ್ನುತ್ತಾರೆ, ಅಲ್ಲಿ ನಿಂತು ಚೆಂಡನ್ನು ಪುಟಿಯುವ ಮೊದಲೇ ಹೊಡೆಯುವ ಹಾಗಿಲ್ಲ. ಮಾವ ಪ್ರತಿ ಸಲ ಓಡಿ ಬಂದು ಅಲ್ಲಿಂದಲೇ ಬಾರಿಸುವರು. "ನೆಟ್ಟಿನ ಹತ್ರ ಬಂದ ಚೆಂಡನ್ನು ಬಿಡುವುದುಂಟಾ?" ಅಂತ ನಮಗೇ ಜೋರು. "ಮಾವ, ಅದು ಕಿಚನ್, ಕಿಚನ್!" ಅಂತ ಗೆಳೆಯ ಬೊಬ್ಬೆ ಹೊಡೆದ. ಒಳಗಿಂದ ಅತ್ತೆಯ ದನಿ ಬಂತು. "ಅವರಿಗೆ ಅದೆಂತಕ್ಕೆ ಹೇಳಿಕೊಡ್ತೀಯಾ? ಕಿಚನ್ನಿಗೆ ಕಾಲಿಡಬಾರದು ಅಂತ ಮದುವೆಯಾದ ದಿನದಿಂದ ಪಾಲಿಸ್ತಾ ಇದ್ದಾರೆ."

ಆಮೇಲೆ ಮಾವ ಆ ಗೆರೆ ದಾಟಲಿಲ್ಲ. ಆದರೂ ನನ್ನನ್ನು 11-9ಕ್ಕೆ ಸೋಲಿಸಿದರು. ಮಳೆನೀರು ಹರಿಯಲಿ ಅಂತ ಅಂಗಳಕ್ಕೆ ಸಣ್ಣ ಇಳಿಜಾರು ಕೊಟ್ಟಿದ್ದರು, ಯಾವ ಮೂಲೆಯಲ್ಲಿ ಚೆಂಡು ಯಾವ ಕಡೆ ಓಡುತ್ತದೆ ಅಂತ ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಸಂಜೆಯೊಳಗೆ ಒಂದು ಚೆಂಡು ಒಡೆಯಿತು, ಒಂದು ತೋಟದ ಕಣಿಯಲ್ಲಿ ಹೋಯಿತು. ಉಳಿದ ಒಂದರಲ್ಲಿ ನಾಲ್ಕು ಭಾನುವಾರ ಆಡಿದೆವು.

ಐದನೆಯ ಶನಿವಾರ ಮಾವ ಫೋನ್ ಮಾಡಿದರು. ಕೊಯ್ಲು ಶುರುವಾಗಿದೆ, ಅಡಿಕೆ ಹರಡಿ ಆಯಿತು, ಇನ್ನು ಬೇಸಿಗೆ ಮುಗಿಯುವಾಗ ಬನ್ನಿ. ಗೆರೆ ಅಳಿಸಿ ಹೋಯಿತಾ ಅಂತ ಕೇಳಿದೆ.

"ಇಲ್ಲ ಮಾರಾಯ, ಒಳ್ಳೇದಾಯ್ತು ಅದು. ನೆಟ್ಟಿಂದ ಆಚೆ ಮೊನ್ನೆ ಕೊಯ್ದದ್ದು, ಈಚೆ ಇವತ್ತಿಂದು. ಕಿಚನ್ ಮಾತ್ರ ಖಾಲಿ ಬಿಟ್ಟಿದ್ದೇನೆ, ನಡೆದಾಡ್ಲಿಕ್ಕೆ."